ಲೋಹಫಲಕ ಕಲಾಮುದ್ರಣ

ಲೋಹಫಲಕ ಕಲಾಮುದ್ರಣ ಎಂದರೆ ವರ್ಣಚಿತ್ರ, ರೇಖಾಚಿತ್ರ ಅಥವಾ ಛಾಯಾಚಿತ್ರದ ಪ್ರತಿಯನ್ನು ತೆಳುವಾದ ಲೋಹದ ಹಾಳೆಯ ಮೇಲೆ ಮುದ್ರಿಸುವ ವಿಧಾನ. ಇದಕ್ಕೆ ಹೆಚ್ಚಾಗಿ ಅಲ್ಯೂಮಿನಿಯಂ ಹಾಳೆಯನ್ನು ಬಳಸಲಾಗುತ್ತದೆ. ಇಂತಹ ಫಲಕಗಳನ್ನು ಮುಖ್ಯವಾಗಿ ಮನೆಯ ಗೋಡೆಗಳ ಅಲಂಕಾರಕ್ಕಾಗಿ ತಯಾರಿಸುತ್ತಾರೆ.

ಹಿನ್ನೆಲೆ

ಚಿತ್ರಕಲೆಗೆ ಲೋಹವು ಹೊಸ ಮಾಧ್ಯಮವಲ್ಲ. 16 ಮತ್ತು 17ನೆಯ ಶತಮಾನಗಳಲ್ಲಿ ಯುರೋಪಿನ ಹಲವು ಕಲಾವಿದರು ತಾಮ್ರದ ತಗಡಿನ ಮೇಲೆ ತೈಲವರ್ಣದಲ್ಲಿ ಚಿತ್ರಗಳನ್ನು ರಚಿಸಿದರು. ಜರ್ಮನಿಯ ಆಡಂ ಎಲ್ಸ್‌ಹೈಮರ್ (1578–1610) ಇವರಲ್ಲಿ ಪ್ರಮುಖನು. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ ತಗಡಿನ ಮೇಲೆ ಮುದ್ರಿಸುವ ಆಫ್‌ಸೆಟ್ ಯಂತ್ರಕ್ಕೆ ಪೇಟೆಂಟ್ ಪಡೆದನು. ಇದರಿಂದ ಡಬ್ಬಿಗಳ ಮೇಲೆ ಬಣ್ಣದ ಚಿತ್ರಗಳನ್ನು ಮುದ್ರಿಸುವುದು ಸುಲಭವಾಯಿತು. ಭಾರತದಲ್ಲಿ ಕಲಾಕೃತಿಗಳ ಪ್ರತಿಗಳು ಸಾಮಾನ್ಯರ ಮನೆಗಳನ್ನು ತಲುಪಿದ್ದು ಕಾಗದದ ಮೂಲಕ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಓಲಿಯೋಗ್ರಾಫ್ ಚಿತ್ರಗಳು ಇದಕ್ಕೆ ಪ್ರಸಿದ್ಧ ಉದಾಹರಣೆ.

ತಯಾರಿಕಾ ವಿಧಾನ

ಮೊದಲು ಮೂಲ ಕೃತಿಯ ಸ್ಫುಟವಾದ ಡಿಜಿಟಲ್ ಚಿತ್ರವನ್ನು ತೆಗೆದು ಬಣ್ಣಗಳನ್ನು ಸರಿಹೊಂದಿಸಲಾಗುತ್ತದೆ. ಅನಂತರ ಅದನ್ನು ವಿಶೇಷ ಶಾಯಿಯಿಂದ ವರ್ಗಾವಣೆ ಕಾಗದದ ಮೇಲೆ ಎಡಬಲ ತಿರುಗಿಸಿ ಮುದ್ರಿಸುತ್ತಾರೆ. ಪಾಲಿಮರ್ ಲೇಪವಿರುವ ಅಲ್ಯೂಮಿನಿಯಂ ಹಾಳೆಯ ಮೇಲೆ ಈ ಕಾಗದವನ್ನಿರಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ನಿಮಿಷ ಒತ್ತಲಾಗುತ್ತದೆ. ಆಗ ಶಾಯಿಯ ವರ್ಣದ್ರವ್ಯವು ದ್ರವವಾಗದೆ ನೇರವಾಗಿ ಅನಿಲರೂಪ ಹೊಂದಿ ಲೇಪದೊಳಗೆ ಸೇರಿಕೊಳ್ಳುತ್ತದೆ. ಈ ಕ್ರಿಯೆಗೆ ಉತ್ಪತನ ಎಂದು ಹೆಸರು. ಅತಿನೇರಳೆ ಕಿರಣಗಳಿಂದ ಗಟ್ಟಿಯಾಗುವ ಶಾಯಿಯಿಂದ ಲೋಹದ ಮೇಲೆ ನೇರವಾಗಿ ಮುದ್ರಿಸುವ ಪದ್ಧತಿಯೂ ಇದೆ.

ಗುಣಗಳು ಮತ್ತು ಮಿತಿಗಳು

ಉತ್ಪತನದಿಂದ ಮೂಡಿದ ಚಿತ್ರವು ಲೇಪದ ಒಳಗೇ ಇರುವುದರಿಂದ ಅದಕ್ಕೆ ಗಾಜಿನ ಹೊದಿಕೆ ಬೇಕಾಗುವುದಿಲ್ಲ. ತೇವವೂ ಸುಲಭವಾಗಿ ತಟ್ಟದು. ಧೂಳನ್ನು ಮೃದುವಾದ ಬಟ್ಟೆಯಿಂದ ಒರೆಸಬಹುದು. ಆದರೆ ನೇರ ಬಿಸಿಲಿನಲ್ಲಿ ಬಹುಕಾಲ ಇಟ್ಟರೆ ಬಣ್ಣ ಮಾಸುತ್ತದೆ. ಹೊಳಪಿನ ಫಲಕದಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸಿ ನೋಟಕ್ಕೆ ಅಡ್ಡಿಯಾಗಬಹುದು.

ಲೇಪದ ಆಯ್ಕೆಯೂ ಮುಖ್ಯವಾದುದು. ಉತ್ಪತನ ಮುದ್ರಣದಲ್ಲಿ ಬಿಳಿ ಶಾಯಿ ಇಲ್ಲದ ಕಾರಣ ಪಾರದರ್ಶಕ ಲೇಪದ ಹಾಳೆಯಲ್ಲಿ ಚಿತ್ರದ ಬಿಳಿ ಭಾಗಗಳು ಲೋಹದ ಬಣ್ಣದಲ್ಲೇ ಕಾಣುತ್ತವೆ. ಆದ್ದರಿಂದ ವರ್ಣಚಿತ್ರಗಳ ನಿಷ್ಠ ಪ್ರತಿಗೆ ಬಿಳಿ ಲೇಪವೇ ಸೂಕ್ತ. ಯಾವ ಲೇಪವನ್ನು ಬಳಸಿದರೂ ಕುಂಚದ ಉಬ್ಬುತಗ್ಗು ಮತ್ತು ಕ್ಯಾನ್ವಾಸಿನ ನೇಯ್ಗೆ ನಯವಾದ ಫಲಕದಲ್ಲಿ ಸ್ಪರ್ಶಕ್ಕೆ ಸಿಗುವುದಿಲ್ಲ. ಮೂಲದ ಅಳತೆ ಬದಲಾದರೆ ಕೃತಿಯ ಪರಿಣಾಮವೂ ಬದಲಾಗುತ್ತದೆ. ಹೀಗಾಗಿ ಇಂತಹ ಫಲಕವು ಕೃತಿಯ ಪರಿಚಯ ಮಾಡಿಕೊಡಬಲ್ಲದೇ ಹೊರತು ಮೂಲದರ್ಶನಕ್ಕೆ ಬದಲಿಯಾಗಲಾರದು.

ಹಕ್ಕುಸ್ವಾಮ್ಯ

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ, ಕಲಾವಿದನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಆತನ ಮರಣಾನಂತರ 60 ವರ್ಷಗಳವರೆಗೆ ಉಳಿಯುತ್ತದೆ. ಅಲ್ಲಿಯವರೆಗೆ ಮಾರಾಟಕ್ಕಾಗಿ ಪ್ರತಿಗಳನ್ನು ಮುದ್ರಿಸಲು ಹಕ್ಕುದಾರರ ಅನುಮತಿ ಅಗತ್ಯ. 1906ರಲ್ಲಿ ನಿಧನನಾದ ರವಿವರ್ಮನು ತನ್ನ ಕಾಲದಲ್ಲಿ ಪ್ರಕಟಿಸಿದ ಚಿತ್ರಗಳಿಗೆ ಈ ನಿರ್ಬಂಧ ಈಗ ಅನ್ವಯಿಸುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯವು 2017ರಲ್ಲಿ ತನ್ನ ಸಂಗ್ರಹದ ಹಕ್ಕುಮುಕ್ತ ಕೃತಿಗಳ ಚಿತ್ರಗಳನ್ನು ಎಲ್ಲರ ಉಚಿತ ಬಳಕೆಗೆ ತೆರೆದಿಟ್ಟಿತು.