ಕನಸಿನ ಮರೆಯ ಕಟಕಿ

ಹದಿನಾಲ್ಕನೆಯ ಶತಮಾನದ ಆಂಗ್ಲ ಕವಿಗಳೆಂದೊಡನೆ ನಮಗೆ ಮೊದಲು ನೆನಪಾಗುವವನು ಚಾಸರ್. ಅವನು ತನ್ನ ಯಾತ್ರಿಕರನ್ನು ಹಗಲ ಬೆಳಕಿನಲ್ಲಿ ನಿಲ್ಲಿಸಿ ನಗುತ್ತಾನೆ. ಅವನ ಸಮಕಾಲೀನನಾದ ವಿಲಿಯಂ ಲ್ಯಾಂಗ್‌ಲಂಡನಾದರೋ ಮಾಲ್ವರ್ನ್ ಬೆಟ್ಟದ ತೊರೆಯ ಬಳಿ ಮಲಗಿ ಕನಸು ಕಾಣುತ್ತಾನೆ. ಹೇಳಬೇಕಾದುದನ್ನು ಆ ಕನಸಿನ ಬಾಯಿಂದ ಹೇಳಿಸುತ್ತಾನೆ. "ಪಿಯರ್ಸ್ ಪ್ಲೌಮನ್", ಎಂದರೆ ಉಳುವ ಪಿಯರ್ಸ್, ಎಂಬ ಅವನ ಕಾವ್ಯವು ೫೦ಕ್ಕೂ ಹೆಚ್ಚು ಹಸ್ತಪ್ರತಿಗಳಲ್ಲಿ ಉಳಿದು ಬಂದಿದೆ.

ಇಲ್ಲಿ ಗುಣದೋಷಗಳೇ ಹೆಸರು ಹೊತ್ತು ನಡೆದಾಡುತ್ತವೆ. ಇಂತಹ ರೂಪಕಕಾವ್ಯವು ಒಣಬೋಧೆಯಾಗಿರಬೇಕೆಂದು ಶಂಕಿಸುವವರು ಮೀಡ್ ಎಂಬ ಹೆಂಗಸನ್ನು ನೋಡಬೇಕು. ಮೀಡ್ ಎಂದರೆ ಸಂಭಾವನೆ; ಲಂಚವೂ ಹೌದು. ಅವಳ ಮದುವೆಯ ವ್ಯಾಜ್ಯಕ್ಕಾಗಿ ದಿಬ್ಬಣವು ವೆಸ್ಟ್‌ಮಿನ್‌ಸ್ಟರಿಗೆ ಹೊರಡುವಾಗ ಕುದುರೆಗಳ ಬದಲು ಮನುಷ್ಯರೇ ವಾಹನವಾಗುತ್ತಾರೆ. ಹೊಸದಾಗಿ ಲಾಳ ಹೊಡೆಸಿದ ಷೆರೀಫನ ಬೆನ್ನನ್ನು ಅವಳೇರುತ್ತಾಳೆ. ವರನಾದ ಸುಳ್ಳನು ಜೂರಿಯವನೊಬ್ಬನನ್ನು ಏರುತ್ತಾನೆ. ನ್ಯಾಯಸ್ಥಾನಗಳು ಹಣಕ್ಕೆ ವಶವಾದುವೆಂದು ಹತ್ತು ಪುಟ ಬರೆದರೂ ಇಷ್ಟು ನಾಟದು.

ಇದಕ್ಕಿಂತ ಹರಿತವಾದುದು ಇಲಿಗಳ ಸಭೆ. ೧೩೭೬ರ ಪಾರ್ಲಿಮೆಂಟು ಮುದಿದೊರೆ ಮೂರನೆಯ ಎಡ್ವರ್ಡನ ಆಪ್ತರ ಮೇಲೆ ಧೈರ್ಯವಾಗಿ ಆಪಾದನೆ ಹೊರಿಸಿತು. ಮರುವರ್ಷವೇ ರಾಜಪುತ್ರನಾದ ಗಾಂಟಿನ ಜಾನನ ಪ್ರಭಾವದಿಂದ ಆ ಕಾರ್ಯವು ಬಹುಮಟ್ಟಿಗೆ ಅಳಿಸಿಹೋಯಿತು. ಬೆಕ್ಕಿಗೆ ಗಂಟೆ ಕಟ್ಟುವವರಾರೆಂಬುದು ನಮ್ಮಲ್ಲಿಯೂ ಮನೆಮಾತಾಗಿರುವುದರಿಂದ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ರೋಚೆಸ್ಟರಿನ ಬಿಷಪ್ ಬ್ರಿಂಟನನು ೧೩೭೬ರಲ್ಲಿ ಇದೇ ಕಥೆಯನ್ನು ಹೇಳಿ, ಇಲಿಗಳಂತಾಗಬೇಡಿರೆಂದು ಹುರಿದುಂಬಿಸಿದ್ದನು. ಲ್ಯಾಂಗ್‌ಲಂಡನ ಕಥೆಯಲ್ಲಿ ಕಡೆಗೆ ಏಳುವುದು ಒಂದು ಚಿಕ್ಕ ಇಲಿ: ಈ ಬೆಕ್ಕನ್ನು ಕೊಂದರೂ ಇನ್ನೊಂದು ಬಂದೀತು, ಬೆಕ್ಕಿನ ಮರಿ ಆಳುವ ಮನೆಯ ಪಾಡು ಇನ್ನೂ ಕೇಡು, ಎಂದು ಅದರ ವಾದ. ೧೩೭೭ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ರಿಚರ್ಡನಿಗೆ ಹತ್ತು ವರ್ಷ. ಇಷ್ಟೆಲ್ಲ ಹೇಳಿದ ಕವಿ, ಈ ಕನಸಿನ ಅರ್ಥವನ್ನು ಬಿಡಿಸಲು ತನಗೆ ಧೈರ್ಯವಿಲ್ಲ, ಕೇಳಿದವರೇ ಊಹಿಸಿಕೊಳ್ಳಲಿ ಎಂದು ಜಾರಿಕೊಳ್ಳುತ್ತಾನೆ. ಈ ಜಾರುವಿಕೆಯಲ್ಲಿಯೇ ಅವನ ಕಟಕಿಯ ಪೂರ್ಣ ಬಲವಿದೆಯೆಂದು ನಮಗೆ ತೋರುತ್ತದೆ.

ಆದರೆ ಊಹೆಯನ್ನು ಕೇಳುವವರಿಗೆ ಬಿಟ್ಟುಕೊಟ್ಟಮೇಲೆ ಅದು ಎಲ್ಲಿಗೆ ಹೋದೀತೆಂದು ಬಲ್ಲವರಾರು? ಕಾವ್ಯದ ಪಿಯರ್ಸನು ದಂಗೆಕೋರನಲ್ಲ. ತಾನು ಉತ್ತು ಬೆಳೆಯುವೆನು, ನೀನು ಕಾಪಾಡು ಎಂದು ನೈಟನೊಡನೆ ಒಪ್ಪಂದ ಮಾಡಿಕೊಳ್ಳುವವನು. ಮೈಗಳ್ಳರು ದುಡಿಯದೆ ಹೋದಾಗ ಹಸಿವೆಂಬವನನ್ನು ಕರೆಸಿ ಅವರಿಗೆ ಹೊಡೆಸುವವನು. ೧೩೮೧ರಲ್ಲಿ ತಲೆಗಂದಾಯದ ಬಾಧೆಯಿಂದ ರೈತರು ಎದ್ದಾಗ, ಅವರ ನಾಯಕರಲ್ಲೊಬ್ಬನಾದ ಪಾದ್ರಿ ಜಾನ್ ಬಾಲನು ಎಸೆಕ್ಸಿನ ಜನರಿಗೆ ಬರೆದ ಓಲೆಯಲ್ಲಿ ಈ ಪಿಯರ್ಸನ ಹೆಸರು ಕಾಣುತ್ತದೆ. ಅವನು ತನ್ನ ಕೆಲಸಕ್ಕೆ ಹೊರಡಲಿ ಎಂದು. ಆ ಓಲೆ ಗಲ್ಲಿಗೇರಬೇಕಾಗಿದ್ದ ಒಬ್ಬನ ತೋಳಂಗಿಯಲ್ಲಿ ಸಿಕ್ಕಿತೆಂದು ಸೇಂಟ್ ಆಲ್ಬನ್ಸಿನ ಸಂನ್ಯಾಸಿ ವಾಲ್ಸಿಂಗ್‌ಹ್ಯಾಮನು ಬರೆದಿಟ್ಟಿದ್ದಾನೆ. ಬಾಲನನ್ನು ಅದೇ ಊರಿನಲ್ಲಿ ಜುಲೈ ೧೫ರಂದು ಕೊಂದರು.

ಕವಿ ತನ್ನ ಕಾವ್ಯವನ್ನು ಮತ್ತೆ ತಿದ್ದಿದನು. ಪಿಯರ್ಸನು ತನಗೆ ಬಂದ ಕ್ಷಮಾಪತ್ರವನ್ನು ಪಾದ್ರಿಯ ಮುಂದೆಯೇ ಹರಿದುಹಾಕುವ ಸನ್ನಿವೇಶ ಹಿಂದಿನ ಪಾಠಗಳಲ್ಲಿತ್ತು. ಕಡೆಯ ಪಾಠದಲ್ಲಿ ಅದಿಲ್ಲ. ದಂಗೆಯ ಭಯದಿಂದಲೇ ಅದು ಹೋಯಿತೆಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಭಯವಿದ್ದಿರಬಹುದು. ಆದರೆ ಕವಿ ಬಡವರ ಕಡೆಗೆ ಬೆನ್ನು ತಿರುಗಿಸಿದನೆನ್ನಲು ನಾವು ಒಪ್ಪಲಾರೆವು. ಏಕೆಂದರೆ ಆ ಪಾಠದಲ್ಲಿಯೇ ಅವನು ಹೊಸದಾಗಿ ಗುಡಿಸಲ ಹೆಂಗಸರನ್ನು ತಂದಿದ್ದಾನೆ. ಅಲ್ಲಿ ಸುಳ್ಳನೂ ಇಲ್ಲ, ಮೀಡಳೂ ಇಲ್ಲ, ರೂಪಕದ ಮುಸುಕೇ ಇಲ್ಲ. ನೂತು ಗಳಿಸಿದ್ದು ಬಾಡಿಗೆಗೆ ಹೋಗುತ್ತದೆ. ಚಳಿಗಾಲದ ಇರುಳಿನಲ್ಲಿ ಎದ್ದು ಮಂಚಕ್ಕೂ ಗೋಡೆಗೂ ನಡುವಣ ಇಕ್ಕಟ್ಟಿನಲ್ಲಿ ತೊಟ್ಟಿಲು ತೂಗುತ್ತಾರೆ, ಉಣ್ಣೆ ಬಾಚುತ್ತಾರೆ, ಹರಕಿಗೆ ತೇಪೆ ಹಾಕುತ್ತಾರೆ. ಬೇಡಲು ನಾಚಿ, ನೆರೆಯವರಿಗೆ ಹಸಿವು ತಿಳಿಯದಂತೆ ಬಾಳುತ್ತಾರೆ.