ಕಾರ್ತಾಜ್

ಹಿಂದೂ ಮಹಾಸಾಗರದಲ್ಲಿ ಓಡಾಡುವ ಏಷ್ಯದ ವ್ಯಾಪಾರಿ ಹಡಗುಗಳು ಪೋರ್ಚುಗೀಸರಿಂದ ಕಡ್ಡಾಯವಾಗಿ ಪಡೆಯಬೇಕಾಗಿದ್ದ ರಹದಾರಿ ಪತ್ರ. 1502ರ ಸುಮಾರಿಗೆ ಆರಂಭವಾದ ಈ ಪದ್ಧತಿ, ಕೊನೆಕೊನೆಗೆ ಕುಂಟುತ್ತಲೇ ಆದರೂ, ಹದಿನೆಂಟನೆಯ ಶತಮಾನದವರೆಗೆ ಉಳಿದಿತ್ತು.

ಹಡಗಿನ ಹೆಸರು, ಗಾತ್ರ, ನಾಖುದಾನ (ಹಡಗಿನ ಮುಖ್ಯಸ್ಥನ) ಹೆಸರು, ಹಡಗಿನಲ್ಲಿರುವ ಆಯುಧಗಳು, ಸೇರಬೇಕಾದ ಬಂದರು ಎಲ್ಲವೂ ಪತ್ರದಲ್ಲಿ ದಾಖಲಾಗುತ್ತಿದ್ದವು. ಕಾಳುಮೆಣಸು, ಗಂಧಕ, ಪೆಟ್ಲುಪ್ಪು, ಕಬ್ಬಿಣ ಒಯ್ಯುವಂತಿರಲಿಲ್ಲ; ತುರ್ಕರನ್ನು ಹತ್ತಿಸಿಕೊಳ್ಳುವಂತಿರಲಿಲ್ಲ. ಪತ್ರದ ಶುಲ್ಕ ಅತ್ಯಲ್ಪ. ಆದರೆ ಗೋವಾ, ದೀವ್ ಅಥವಾ ಹೊರ್ಮೂಜಿನಂಥ ಪೋರ್ಚುಗೀಸ್ ಬಂದರಿಗೆ ಬಂದು ಸುಂಕ ತೆರಬೇಕೆಂಬ ಷರತ್ತಿತ್ತು. ನಿಜವಾದ ಆದಾಯ ಇದ್ದದ್ದು ಅಲ್ಲಿ.

ಪತ್ರವಿಲ್ಲದ ಹಡಗು ಸಿಕ್ಕರೆ ಸರಕಿನ ಸಮೇತ ಮುಟ್ಟುಗೋಲಾಗುತ್ತಿತ್ತು. ಹಡಗಿನಲ್ಲಿದ್ದವರು ಸೆರೆಯಾಗಬಹುದಿತ್ತು, ಗುಲಾಮರಾಗಬಹುದಿತ್ತು, ಸ್ಥಳದಲ್ಲೇ ಕೊಲೆಯಾಗಲೂಬಹುದಿತ್ತು. ಪತ್ರವಿದ್ದೂ ನಿಷಿದ್ಧ ಸರಕು ಕಂಡುಬಂದರೆ, ಬರೆದ ಬಂದರು ಬಿಟ್ಟು ಬೇರೆಡೆಗೆ ಹೊರಟಿದ್ದರೆ, ಜಪ್ತಿ ತಪ್ಪುತ್ತಿರಲಿಲ್ಲ. ಹಿಡಿದ ಮಾಲಿನಲ್ಲಿ ಹಿಡಿದವರಿಗೂ ಪಾಲಿತ್ತು. ತಪಾಸಣೆಗೆ ಬಂದವರು ತಪ್ಪು ಹುಡುಕುವುದರಲ್ಲಿ ಉತ್ಸಾಹ ತೋರಿದ್ದು ಸಹಜ. ಕಾರ್ತಾಜ್ ಮುಖ್ಯವಾಗಿ ರಕ್ಷಣೆ ಕೊಡುತ್ತಿದ್ದುದು ಅದನ್ನು ಕೊಟ್ಟವರಿಂದಲೇ.

ಇದಕ್ಕೆ ನ್ಯಾಯದ ಸಮರ್ಥನೆಯೂ ಸಿದ್ಧವಾಗಿತ್ತು. ಯುರೋಪಿನಲ್ಲಿ ಸಮುದ್ರ ಎಲ್ಲರದು, ಆದರೆ ಕ್ರೈಸ್ತ ಧರ್ಮದ ಹೊರಗಿರುವವರಿಗೆ ಆ ನಿಯಮದ ಹಕ್ಕಿಲ್ಲ ಎಂದು ಇತಿಹಾಸಕಾರ ಜೊವಾಂವ್ ದೆ ಬಾರೋಸ್ ವಾದಿಸಿದ. ಡಚ್ಚರ ಪರ ನಿಂತ ಹ್ಯೂಗೊ ಗ್ರೋಷಿಯಸ್ 1609ರಲ್ಲಿ ಸಮುದ್ರ ಯಾರ ಸ್ವತ್ತೂ ಅಲ್ಲ ಎಂದು ಬರೆದ. ಆ ಡಚ್ಚರೇ ಮುಂದೆ ತಮ್ಮ ರಹದಾರಿ ಕೊಡತೊಡಗಿದರು.

ಮೊಘಲರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಮೇರಿ ಮತ್ತು ಯೇಸುವಿನ ಚಿತ್ರಗಳಿರುವ ಪತ್ರ ಹಿಡಿದು ಹಜ್‌ಗೆ ಹೋಗಬೇಕೇ ಎಂಬ ಆಕ್ಷೇಪ ಅಕ್ಬರನ ಆಸ್ಥಾನದ ಪಂಡಿತರಿಂದ ಬಂದದ್ದನ್ನು ಇತಿಹಾಸಕಾರ ಬದಾಯೂನಿ ದಾಖಲಿಸಿದ್ದಾನೆ. 1613ರಲ್ಲಿ ಜಹಾಂಗೀರನ ತಾಯಿಯ ಹಡಗು ರಹೀಮಿಯನ್ನು, ಕಾರ್ತಾಜ್ ಇದ್ದರೂ, ಸೂರತ್ ಬಳಿ ಹಿಡಿದು ಗೋವಾಕ್ಕೆ ಒಯ್ದರು. ಬಾದಶಹ ಪೋರ್ಚುಗೀಸರ ವ್ಯಾಪಾರ ನಿಲ್ಲಿಸಿ, ಆಗ್ರಾದ ಅವರ ಚರ್ಚಿಗೆ ಬೀಗ ಹಾಕಿಸಿದ.

ಕನ್ನಡ ಕರಾವಳಿಯಲ್ಲಿ ಈ ನಿಯಂತ್ರಣ ಬಿಗಿಯಾದದ್ದು 1568–69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸ್ ಕೋಟೆಗಳು ಎದ್ದ ಮೇಲೆ. ಆದರೂ ಇಲ್ಲಿ ಕೈ ತೀರಾ ಬಿಗಿ ಮಾಡುವಂತಿರಲಿಲ್ಲ: ಗೋವಾದ ಒಲೆ ಉರಿಯುತ್ತಿದ್ದುದು ಇದೇ ತೀರದ ಅಕ್ಕಿಯಿಂದ, ಆ ವ್ಯಾಪಾರ ಬಸರೂರಿನ ಸೆಟ್ಟಿಗಳಂಥವರ ಕೈಯಲ್ಲಿತ್ತು. ಒಪ್ಪಂದ ಮಾಡಿಕೊಂಡ ಅರಸರಿಗೆ ಕೆಲವು ಕಾರ್ತಾಜ್‌ಗಳು ಪುಕ್ಕಟೆಯಾಗಿಯೂ ಸಿಗುತ್ತಿದ್ದವು.

1622ರಲ್ಲಿ ಹೊರ್ಮೂಜ್, 1663ರಲ್ಲಿ ಕೊಚ್ಚಿ ಕೈತಪ್ಪಿದ ಮೇಲೆ ಪತ್ರದ ಬೆಲೆ ಕುಸಿಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೊಂಕಣದ ಮರಾಠ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ತನ್ನದೇ ದಸ್ತಕ್ (ರಹದಾರಿ) ಕೊಟ್ಟು, ಅದಿಲ್ಲದ ಹಡಗುಗಳನ್ನು ಹಿಡಿಯತೊಡಗಿದ. ಸ್ವತಃ ರಹದಾರಿ ಹಂಚುತ್ತಿದ್ದ ಇಂಗ್ಲಿಷರು ಅವನನ್ನು ಕಡಲ್ಗಳ್ಳನೆಂದು ಕರೆದರು.