ನಿಜಾಮಿಯಾದ ನಕ್ಷತ್ರಗಳು, ಆಕಾಶದ ಕಪ್ಪು ಮೋಡಗಳು

ರಾಯಚೂರಿನ ಚರಿತ್ರೆ ಎಂದರೆ ನಮಗೆ ಕೋಟೆ, 1520ರ ಯುದ್ಧ, ಕೃಷ್ಣಾ–ತುಂಗಭದ್ರೆಗಳ ನಡುವಿನ ನೆಲಕ್ಕಾಗಿ ನಡೆದ ಕಾದಾಟ. ಈ ಚರಿತ್ರೆಗೆ ಆಕಾಶದ ಪುಟವೂ ಒಂದಿದೆ ಎಂಬುದು ನನ್ನ ಮಾತು. 1956ರ ನವೆಂಬರ್ 1ರವರೆಗೆ ರಾಯಚೂರು, ದೇವದುರ್ಗ, ಮಾನ್ವಿಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಪುಟ ಶುರುವಾಗುವುದೂ ಹೈದರಾಬಾದಿನಲ್ಲೇ.

1901ರಲ್ಲಿ ನವಾಬ್ ಜಫರ್ ಜಂಗ್ ಅಲ್ಲಿ ನಿಜಾಮಿಯಾ ವೀಕ್ಷಣಾಲಯ ಸ್ಥಾಪಿಸಿದರು. 1908ರಲ್ಲಿ ನಿಜಾಮ ಸರಕಾರ ಅದನ್ನು ವಹಿಸಿಕೊಂಡಿತು. ನಮ್ಮ ಸೀಮೆಯ ರೈತರ ಕಂದಾಯವೂ ಸೇರಿದ್ದ ಬೊಕ್ಕಸವೇ ಅದನ್ನು ಸಾಕಿತು. ಇಡೀ ಆಕಾಶದ ಫೋಟೋ ತೆಗೆದು ನಕ್ಷತ್ರಗಳ ಸ್ಥಾನ ಗುರುತಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲಿ, ಖಗೋಳದ ಮಧ್ಯರೇಖೆಯಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿವರೆಗಿನ ಪಟ್ಟಿ ಅದರ ಪಾಲಿಗೆ ಬಂತು. ಧನು ರಾಶಿಯ ಬಳಿ ಈ ಪಟ್ಟಿ ಆಕಾಶಗಂಗೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮಗೆ ಆ ಭಾಗ ಹೊಸದಲ್ಲ: ಬೆಳ್ಳನೆಯ ಹೊಳೆ, ನಡುನಡುವೆ ಕಪ್ಪು ತೇಪೆ.

ನಕ್ಷತ್ರ ಎಣಿಸುವವರಿಗೆ ಆ ಕಪ್ಪು ಜಾಗದಲ್ಲಿ ಕೆಲಸ ಕಡಿಮೆ. ಅವು ಆಕಾಶದ ತೂತುಗಳೆಂದು ಹಿಂದೆ ನಂಬಿದವರೂ ಇದ್ದರು. 1919ರಲ್ಲಿ ಅಮೆರಿಕದ ಬರ್ನಾರ್ಡ್ ಇಂಥ 182 ಕಲೆಗಳ ಪಟ್ಟಿ ಪ್ರಕಟಿಸಿದರು. ಅವು ಹಿಂದಿನ ಬೆಳಕನ್ನು ಮರೆಮಾಡುವ ಅನಿಲ ಮತ್ತು ದೂಳಿನ ಮೋಡಗಳೆಂಬುದು ಕ್ರಮೇಣ ಖಚಿತವಾಯಿತು.

ಅಂಥ ಮೋಡ ಏನಾಗುತ್ತದೆ? ಇಂಗ್ಲೆಂಡಿನ ಜೇಮ್ಸ್ ಜೀನ್ಸ್ 1902ರಲ್ಲೇ ಲೆಕ್ಕ ಹಾಕಿದ್ದರು. ಅನಿಲದ ಒತ್ತಡ ಮೋಡವನ್ನು ಹರಡಲು ನೋಡುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಮೋಡ ತಣ್ಣಗಾಗಿ ದಟ್ಟವಾದಷ್ಟೂ ಗುರುತ್ವದ ಕೈ ಮೇಲಾಗುತ್ತದೆ. ಕುಸಿದ ನಡುಭಾಗ ಕಾದು ನಕ್ಷತ್ರವಾಗುತ್ತದೆ. ಇಂದಿನ ಕಂಪ್ಯೂಟರ್ ಮಾದರಿಗಳು ಕಾಂತಕ್ಷೇತ್ರವನ್ನೂ ಅನಿಲದ ಸುಳಿಗಳನ್ನೂ ಸೇರಿಸಿಕೊಂಡಿವೆ. ಬುನಾದಿ ಮಾತ್ರ ಅದೇ. 1947ರಲ್ಲಿ ಹಾರ್ವರ್ಡಿನ ಬಾರ್ಟ್ ಬಾಕ್ ಮತ್ತು ಎಡಿತ್ ರೈಲಿ, ಚಿಕ್ಕ ಕಪ್ಪುಗುಂಡುಗಳಂಥ ಮೋಡಗಳಲ್ಲಿ ನಕ್ಷತ್ರ ಹುಟ್ಟುತ್ತಿರಬಹುದು ಎಂದರು.

ಆ ಬಾಕ್ ಅವರ ಬಳಿಗೆ ನಿಜಾಮಿಯಾದ ಅಂಗಳದಲ್ಲಿ ಬೆಳೆದ ಹುಡುಗನೊಬ್ಬ ಹೋದ. ತಂದೆ ಅಲ್ಲಿ ನೌಕರರು. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್ ಸೇರಿದ ವೈನು ಬಾಪ್ಪು, 1949ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದರು. ಅದಕ್ಕೆ ಬಾಪ್ಪು–ಬಾಕ್–ನ್ಯೂಕರ್ಕ್ ಎಂದೇ ಹೆಸರು. ಬಾಪ್ಪು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. 1982ರಲ್ಲಿ ಅವರು, ಮರುವರ್ಷ ಬಾಕ್ ತೀರಿಕೊಂಡರು. ಬಾಕ್ ಅವರ ಊಹೆ ನಿಜವೆಂದು ಅವಕೆಂಪು ವೀಕ್ಷಣೆ ತೋರಿಸಿದ್ದು 1990ರಲ್ಲಿ.

ಇದನ್ನು ಬೇರೆಯವರ ಕಥೆ ಎಂದು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ರಾಜ್ಯದ ಗಡಿ ಬದಲಾಯಿತೆಂದು ನಮ್ಮ ಕಂದಾಯದ ಪಾಲು ಅಳಿಸಿಹೋಗದು. ದೇವದುರ್ಗದ, ಮಾನ್ವಿಯ ಮಕ್ಕಳಿಗೆ ಕೋಟೆಯ ಜೊತೆ ಇದನ್ನೂ ಹೇಳಬೇಕು.